ಅವ್ವನ ಮಾತಿನ ಒಳಮಾತು ಮಕ್ಕಳಿಗೆ ಹೆಂಗ ತಿಳೀತೈತಿ?

(ಗಡಿ ತಾಲೂಕುಗಳ ಕನ್ನಡ ಯುವಕ-ಯುವತಿಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ನಾವು ಸೇರಿದಾಗಲೆಲ್ಲ ಶಾಲೆ, ನೌಕರಿ, ದಾಖಲೆ, ಬೋರ್ಡು ಇವುಗಳ ಮಾತೇ ಆಗುತ್ತದೆ. ಅವು ಬೇಕಾದ ಮಾತುಗಳೇ. ಇವತ್ತು ಮಾತ್ರ ಮನೆಯೊಳಗಿನ ಒಂದು ಸಂಗತಿ ತಗೊಂಡು ಬಂದಿದ್ದೇವೆ. ನಮ್ಮಲ್ಲಿ ಕೆಲವರಿಗೆ ಈಗಾಗಲೇ ಮಕ್ಕಳಿದ್ದಾರೆ. ಉಳಿದವರ ಮನೆಯಲ್ಲಿ ಅಣ್ಣನ ಮಕ್ಕಳು, ಅಕ್ಕನ ಮಕ್ಕಳು ಓಡಾಡಿಕೊಂಡಿದ್ದಾರೆ. ಅವರಿಗೆ ಸಂಬಂಧಪಟ್ಟ ಮಾತು ಇದು.

ಸಂಜೆ ಹೊತ್ತು. ಅಕ್ಕಲಕೋಟೆ ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳಿ. ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯಾಕತ್ತಾಳ. ಮೂರು ವರ್ಷದ ಕೂಸು ಪಡಸಾಲೆಯಲ್ಲಿ ಆಡಾಕತ್ತೈತಿ. ಅವ್ವ ಒಳಗಿಂದಲೇ ಕೂಗುತ್ತಾಳೆ: "ಬಾಗಲಾ ತೆರದೇ ಐತಿ ನೋಡು, ನಾಯಿ ಬರ್ತಾವ." ಕೂಸು ಎದ್ದು ಹೋಗಿ ಬಾಗಿಲು ಮುಂದ ಮಾಡಿ, ಬಂದು ಮತ್ತೆ ಆಟಕ್ಕೆ ಕೂಡುತ್ತದೆ.

ಅವ್ವ ಹೇಳಿದ್ದೇನು? ಬಾಗಿಲು ತೆರೆದಿದೆ ಅಂತ. ಏಳು ಅನ್ನಲಿಲ್ಲ, ಮುಚ್ಚು ಅನ್ನಲಿಲ್ಲ, ನೀನು ಹೋಗು ಅಂತಲೂ ಅನ್ನಲಿಲ್ಲ. ಸುದ್ದಿ ಹೇಳಿದ ಹಾಗೆ ಹೇಳಿದಳು, ಕೂಸು ಅದನ್ನು ಕೆಲಸ ಅಂತ ತಿಳಿದುಕೊಂಡಿತು. ಇದು ಒಂದೇ ಕಡೆಯ ಮಾತಲ್ಲ. ಕಾಸರಗೋಡಿನ ಮನೆಯಲ್ಲಿ "ಮೋಡ ಕಟ್ಟಿದೆ, ಅಂಗಳದಲ್ಲಿ ಅಡಿಕೆ ಉಂಟು" ಅಂದರೆ ಸಾಕು, ಮಕ್ಕಳು ಗೋಣಿ ಹಿಡಿದು ಓಡುತ್ತಾರೆ. ಮಡಕಶಿರಾ ಕಡೆ "ಕೋಳಿ ಇನ್ನೂ ಹೊರಗೇ ಅವೆ ಕಣಪ್ಪಾ" ಅಂದರೆ ಅವನ್ನು ಮುಚ್ಚಿ ಬಾ ಅಂತಲೇ ಅರ್ಥ. ಒಂದು ಸಲ ಯೋಚನೆ ಮಾಡಿ ನೋಡ್ರಿ, ನಮ್ಮ ಅವ್ವ ಅಪ್ಪ ದಿನಕ್ಕೆ ಎಷ್ಟು ಮಾತನ್ನು ನೇರ ಆಡುತ್ತಾರೆ, ಎಷ್ಟನ್ನು ಹೀಗೆ ಬಳಸಿ ಆಡುತ್ತಾರೆ?

ಈ ಬಳಸಿ ಆಡುವ ಮಾತಿನ ಬಗ್ಗೆ ನಮ್ಮ ಹಿರಿಯರು ಬಹಳ ಹಿಂದೆಯೇ ಯೋಚಿಸಿದ್ದರು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ 'ಧ್ವನ್ಯಾಲೋಕ' ಬರೆದ. ಅದೇ ಶತಮಾನದಲ್ಲಿ ಕನ್ನಡದ 'ಕವಿರಾಜಮಾರ್ಗ'ವೂ ಧ್ವನಿಯ ಹೆಸರು ಹೇಳುತ್ತದೆ. ಅಲಂಕಾರಶಾಸ್ತ್ರದವರು ಕೊಡುವ ಹಳೆಯ ಉದಾಹರಣೆ ಒಂದಿದೆ. ಹೊತ್ತು ಮುಳುಗಿತು ಅಂತ ಒಬ್ಬ ಹೇಳಿದ ಅಂತಿಟ್ಟುಕೊಳ್ಳಿ. ದನ ಕಾಯುವವನಿಗೆ ದನ ಹೊಡಕೊಂಡು ಮನೆಗೆ ಹೋಗು ಅಂತ ಅರ್ಥ, ಕೂಲಿಯವನಿಗೆ ಕೆಲಸ ಸಾಕು ಅಂತ, ಪೂಜೆ ಮಾಡುವವನಿಗೆ ಸಂಜೆಯ ಪೂಜೆಗೆ ಏಳು ಅಂತ. ಮಾತು ಒಂದೇ, ಕೇಳುವವ ಯಾರು ಅನ್ನುವುದರ ಮೇಲೆ ಅರ್ಥ. ಅವರು ಕಾವ್ಯಕ್ಕೆ ಹೇಳಿದ್ದು ನಮ್ಮ ಅಡಿಗೆಮನೆಯಲ್ಲೂ ದಿನಾ ನಡೆಯುತ್ತದೆ. ಅಲ್ಲಿ ಕೇಳುವವ ಪಂಡಿತನಲ್ಲ, ಮೂರು ವರ್ಷದ ಕೂಸು. ಅದಕ್ಕೆ ಹೆಂಗ ತಿಳೀತು?

ಮೊದಲ ಉತ್ತರ ನಮಗೆ ಸ್ವಲ್ಪ ಅಚ್ಚರಿ ಹುಟ್ಟಿಸಿತು. ಅಮೆರಿಕದ ಮರಿಲಿನ್ ಶಾಟ್ಜ್ ಎಂಬ ಸಂಶೋಧಕಿ 1978ರಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳ ಬಗ್ಗೆ ಬರೆದರು. ತಾಯಿ "ಬಾಗಿಲು ಹಾಕು" ಅಂದರೂ ಮಗು ಹಾಕುತ್ತದೆ, "ನಿನಗೆ ಬಾಗಿಲು ಹಾಕೋಕೆ ಬರುತ್ತಾ?" ಅಂದರೂ ಹಾಕುತ್ತದೆ. ಎರಡಕ್ಕೂ ಕೈಕೆಲಸವೇ ಉತ್ತರ. ಹಾಗಾದರೆ ಆ ವಯಸ್ಸಿಗೇ ಮಗುವಿಗೆ ಒಳಮಾತು ತಿಳಿಯಿತು ಅನ್ನಬಹುದೇ? ಶಾಟ್ಜ್ ಅಷ್ಟು ಅವಸರ ಮಾಡಲಿಲ್ಲ. ಅವರ ಪ್ರಕಾರ ಎಳೆ ಮಗುವಿನ ಹತ್ತಿರ ಒಂದು ಸುಲಭದ ಸೂತ್ರ ಇರುತ್ತದೆ: ಅವ್ವ ಏನೋ ಅಂದಳು, ಹಾಗಾದರೆ ನಾನು ಏನೋ ಮಾಡಬೇಕು. ಹೆಸರು ಕೇಳಿಸಿದ ವಸ್ತುವಿನ ಜೊತೆ ಏನು ಮಾಡುವ ರೂಢಿಯೋ ಅದನ್ನು ಮಾಡಿಬಿಡುತ್ತದೆ. ಅದು ಪ್ರಶ್ನೆಯ ಅರ್ಥ ಬಿಡಿಸಿ, ಆಮೇಲೆ ಒಳಗಿನ ಅರ್ಥ ಹುಡುಕುವುದಿಲ್ಲ. ಸೂಸನ್ ಎರ್ವಿನ್-ಟ್ರಿಪ್ ಎಂಬ ಇನ್ನೊಬ್ಬರು ಹೇಳಿದ್ದೂ ಇದಕ್ಕೆ ಹತ್ತಿರದ್ದೇ: ಮಗು ಮಾತಿಗಿಂತ ಮೊದಲು ಸಂದರ್ಭವನ್ನು ಓದುತ್ತದೆ.

ಇದನ್ನು ನಮ್ಮ ಮನೆಯಲ್ಲಿ ಇಟ್ಟು ನೋಡಿ. ದಿನಾ ಸಂಜೆ ಅದೇ ಬಾಗಿಲು, ಅದೇ ನಾಯಿ, ಅದೇ ಅವ್ವ. ಒಂದು ವರ್ಷದ ಆಸುಪಾಸಿನಲ್ಲಿ ಕೂಸು ಬೊಟ್ಟು ಮಾಡಿ ತೋರಿಸುವುದನ್ನು, ಅವ್ವ ಎತ್ತ ನೋಡುತ್ತಾಳೋ ಅತ್ತ ನೋಡುವುದನ್ನು ಕಲಿತಿರುತ್ತದೆ. ಅವ್ವನ ಕಣ್ಣು ಬಾಗಿಲ ಕಡೆ, ದನಿಯಲ್ಲಿ ಸ್ವಲ್ಪ ಗಡಿಬಿಡಿ. ಮಾತು ಬರುವ ಮುಂಚೆಯೇ ಅರ್ಧ ಅರ್ಥ ಬಂದಿರುತ್ತದೆ.

ಎರಡನೆಯ ಉತ್ತರ ನಮ್ಮ ಅವ್ವಂದಿರ ಹತ್ತಿರವೇ ಇದೆ. ಕೂಸು ಏಳಲಿಲ್ಲ ಅನ್ನಿ. ಅವ್ವ ಏನು ಮಾಡುತ್ತಾಳೆ? ಮೊದಲು: "ಬಾಗಲಾ ತೆರದೇ ಐತಿ." ಸ್ವಲ್ಪ ಹೊತ್ತು ಬಿಟ್ಟು: "ಬಾಗಲಾ ಯಾರ ಹಾಕ್ತಾರ?" ಆಗಲೂ ಏಳದಿದ್ದರೆ: "ಏ, ಬಾಗಲಾ ಹಾಕಲೇ!" ಸುದ್ದಿ, ಪ್ರಶ್ನೆ, ಅಪ್ಪಣೆ. ಮೂರು ಮೆಟ್ಟಿಲು. ಮೂರನೆಯ ಮಾತು ಮೊದಲನೆಯ ಮಾತಿಗೆ ಅರ್ಥ ಹೇಳಿಕೊಟ್ಟುಬಿಡುತ್ತದೆ. ಇದನ್ನು ಪಾಠ ಅಂತ ಯಾರೂ ಕರೆಯುವುದಿಲ್ಲ. ಆದರೆ ದಿನಕ್ಕೆ ನಾಲ್ಕಾರು ಸಲ, ವರ್ಷಗಟ್ಟಲೆ ಇದು ನಡೆಯುತ್ತದೆ. ಕೊನೆಗೊಂದು ದಿನ ಮೂರನೆಯ ಮಾತು ಬೇಕಾಗುವುದಿಲ್ಲ. ಇನ್ನೂ ಸ್ವಲ್ಪ ದಿನಕ್ಕೆ ಮೊದಲನೆಯದೂ ಬೇಡ, ಅವ್ವ ಬಾಗಿಲ ಕಡೆ ನೋಡಿದರೆ ಸಾಕು.

ಮೂರು ವರ್ಷ ದಾಟುವಾಗ ಇನ್ನೊಂದು ಬದಲಾವಣೆ ಕಾಣುತ್ತದೆ. 2013ರಲ್ಲಿ ಕಾರ್ನೆಲಿಯಾ ಶುಲ್ಜೆ, ಸುಸಾನ್ ಗ್ರಾಸ್‌ಮನ್, ಮೈಕೆಲ್ ಟೊಮಾಸೆಲೊ ಸೇರಿ ಪ್ರಕಟಿಸಿದ ಅಧ್ಯಯನ ಒಂದಿದೆ. ಯುರೋಪಿನ ಮನೆಗಳಲ್ಲಿ ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುವ ಸೀರಿಯಲ್ ಇರುತ್ತದಲ್ಲ, ಅದು ಬೇಕಾ ಅಂತ ಕೇಳಿದಾಗ ಎದುರಿನವರು "ಹಾಲಿಲ್ಲ" ಅನ್ನುತ್ತಾರೆ ಅನ್ನಿ. ಬೇಡ ಅನ್ನುವ ಪದ ಅಲ್ಲಿ ಇಲ್ಲ. ಆದರೂ ಅದು ಬೇಡ ಅಂತ ಮೂರು ವರ್ಷದ ಮಕ್ಕಳು ತಿಳಿದುಕೊಂಡರು. ಇಲ್ಲಿ ರೂಢಿಯ ಸೂತ್ರ ಸಾಲದು. ಹಾಲಿಲ್ಲದೆ ಅದನ್ನು ತಿನ್ನುವುದಿಲ್ಲ, ಹಾಗಾಗಿ ಇದು ಬೇಡ ಅಂದ ಹಾಗೆ ಅಂತ ಮಗು ಒಂದು ಹೆಜ್ಜೆ ತಾನೇ ಇಡಬೇಕು. ಆ ವಯಸ್ಸಿಗೆ ಮಕ್ಕಳು ತಾವೂ ಹೀಗೆ ಮಾತಾಡಲು ಶುರುಮಾಡುತ್ತಾರೆ. ಅಂಗಡಿ ಮುಂದೆ ಹಾಯುವಾಗ "ಅಪ್ಪಾ, ಇಲ್ಲಿ ಚಾಕಲೇಟ ಸಿಗ್ತಾವಲ್ಲ?" ಅನ್ನುವ ಮಗಳು ಮಾಹಿತಿ ಕೇಳುತ್ತಿಲ್ಲ ಅಂತ ನಮಗೆಲ್ಲ ಗೊತ್ತು. ಅಪ್ಪ "ನೋಡೂಣು" ಅಂತಾನೆ. ಆ 'ನೋಡೂಣು'ವಿನ ಅರ್ಥ 'ಇಲ್ಲ' ಅಂತ ಅವಳಿಗೂ ಸ್ವಲ್ಪ ದಿನದಲ್ಲಿ ಗೊತ್ತಾಗುತ್ತದೆ.

ಈಗ ಇನ್ನೂ ಒಳಗೆ ಹೋಗೋಣ. ನಮ್ಮ ಕಡೆ ಕೆಲವು ಮಾತುಗಳು ಪದದ ಅರ್ಥಕ್ಕೆ ಪೂರಾ ಉಲ್ಟಾ. ಮನೆ ಬಿಟ್ಟು ಹೊರಡುವವರು "ಹೋಗ್ತೀನಿ" ಅನ್ನುವುದಿಲ್ಲ, "ಬರ್ತೀನಿ" ಅನ್ನುತ್ತಾರೆ. ಎರಡು ವರ್ಷದ ಕೂಸಿಗೆ ಇದು ಎಂಥ ಗೊಂದಲ ನೋಡಿ: ಮಾಮಾ ಬರ್ತೀನಿ ಅಂತಾನೆ, ಆದರೆ ಹೋಗಿಬಿಡುತ್ತಾನೆ! ಕೈಯ ಬಳೆ ಒಡೆದರೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಅರಿಶಿನ ಕುಂಕುಮ ಮುಗಿದರೆ "ಇಲ್ಲ" ಅನ್ನದೆ "ಹೆಚ್ಚಾಗೈತಿ" ಅನ್ನುವ ಮನೆಗಳಿವೆ. ಅಂಥ ಮನೆಯ ಮಗು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ: "ಹೆಚ್ಚಾಗೈತಿ ಅಂದ್ರ ಮತ್ಯಾಕ ತರಾಕ ಹೊಂಟಿ?" ಅಜ್ಜಿ ನಕ್ಕು, ಹತ್ತಿರ ಕರೆದು, ಇಲ್ಲ ಅನ್ನಬಾರದಪ್ಪಾ ಅಂತ ಹೇಳುತ್ತಾಳೆ. ಆ ನಗುವಿನಲ್ಲಿ ಮಗು ಒಂದು ಪದ ಕಲಿಯುವುದರ ಜೊತೆಗೆ ನಮ್ಮವರು ಯಾವುದಕ್ಕೆ ಅಂಜುತ್ತಾರೆ, ಯಾವುದನ್ನು ಬಾಯಿಬಿಟ್ಟು ಅನ್ನುವುದಿಲ್ಲ ಅನ್ನುವುದನ್ನೂ ಕಲಿಯುತ್ತದೆ.

ಇನ್ನೊಂದು ಪದ್ಧತಿ ನಿಮಗೆಲ್ಲ ಗೊತ್ತಿರುವುದೇ. ಕೂಸನ್ನು ನಡುವೆ ಇಟ್ಟುಕೊಂಡು ಮಾತಾಡುವುದು. ಸೊಸೆಗೆ ಮಾವನ ಜೊತೆ ನೇರ ಮಾತಾಡಲು ಸಂಕೋಚ. ಕಂಕುಳದ ಕೂಸಿಗೆ ಹೇಳುತ್ತಾಳೆ: "ಅಜ್ಜಾಗ ಹೇಳಪ್ಪಾ, ಊಟಕ್ಕ ಏಳ್ರಿ ಅಂತ." ಗಂಡ ತಡವಾಗಿ ಮನೆಗೆ ಬಂದರೆ: "ನಿಮ್ಮಪ್ಪಗ ಇವತ್ತರ ಮನಿ ನೆನಪಾತೇನು ಕೇಳು." ಮಾತು ಕೂಸಿಗೆ, ತಾಗುವುದು ಇನ್ನೊಬ್ಬರಿಗೆ. ಕೂಸು ಇನ್ನೂ ಮಾತಾಡದೆ ಇರಬಹುದು. ಆದರೆ ಅದು ನೋಡುತ್ತಿರುತ್ತದೆ: ಅವ್ವ ನನ್ನ ಮುಖ ನೋಡಿ ಅಂದಳು, ಅಜ್ಜ ಎದ್ದ. ಅವ್ವ ನನಗೆ ಹೇಳಿದಳು, ಅಪ್ಪನ ಮುಖ ಸಣ್ಣದಾಯಿತು. ಮರಾಠಿಯಲ್ಲಿ ಇದಕ್ಕೊಂದು ಗಾದೆಯೇ ಇದೆ, "ಲೇಕೀ ಬೋಲೇ ಸುನೇ ಲಾಗೇ" ಅಂತ. ಮಗಳಿಗೆ ಅಂದದ್ದು ಸೊಸೆಗೆ ತಾಗಲಿ ಅನ್ನೋದು ಅರ್ಥ. ಈ ದೂತನ ಕೆಲಸದಲ್ಲೇ ಮಗು ಅಜ್ಜನಿಗೆ 'ಏಳ್ರಿ' ಅನ್ನಬೇಕು, ತಮ್ಮನಿಗೆ 'ಏಳು' ಅಂದರೆ ಸಾಕು ಅನ್ನುವುದನ್ನೂ ಕಲಿಯುತ್ತದೆ.

ಇಂಥದ್ದು ಬೇರೆ ದೇಶಗಳಲ್ಲೂ ಇದೆ. ಪೆಟ್ರಿಷಿಯಾ ಕ್ಲ್ಯಾನ್ಸಿ ಎಂಬವರು ಜಪಾನಿನ ತಾಯಂದಿರು ಎರಡು ವರ್ಷದ ಮಕ್ಕಳ ಜೊತೆ ಆಡುವ ಮಾತನ್ನು ಅಭ್ಯಾಸ ಮಾಡಿ 1986ರಲ್ಲಿ ಬರೆದರು. ಮನೆಗೆ ಬಂದವರು ಬಾಯಿ ಬಿಟ್ಟಿರುವುದಿಲ್ಲ. ತಾಯಿ ಮಗುವಿಗೆ "ಅಕ್ಕನೂ ತಿನ್ನಬೇಕು ಅಂತಿದ್ದಾಳೆ ನೋಡು" ಅನ್ನುತ್ತಾಳೆ. ಬಾಯಿಬಿಡದವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದನ್ನು ಹೀಗೆ ಕಲಿಸುತ್ತಾಳೆ. ನಮ್ಮಲ್ಲಿ ಬೀಗರು ಬಂದಾಗ "ಚಾ ಬ್ಯಾಡ್ರಿ, ಈಗರ ಕುಡದ ಬಂದೀವಿ" ಅನ್ನುತ್ತಾರೆ, ಅವ್ವ ಮಗಳಿಗೆ ಕಣ್ಣಲ್ಲೇ ಒಳಗೆ ಹೋಗಿ ನೀರಿಡು ಅನ್ನುತ್ತಾಳೆ. ಮೊದಲ 'ಬ್ಯಾಡ' ನಿಜವಾದ ಬೇಡ ಅಲ್ಲ. ಎರಡನೆಯದೂ ಅಲ್ಲ. ಮೂರನೆಯದು ಇರಬಹುದು. ಇದು ಗೊತ್ತಿಲ್ಲದ ಸಣ್ಣ ಹುಡುಗ ನೆರೆಮನೆಯಲ್ಲಿ "ಊಟಾ ಆತೇನಪ್ಪಾ?" ಅಂತ ಕೇಳಿದ ಕೂಡಲೇ "ಇಲ್ಲ" ಅಂದು ಕೂತುಬಿಡುತ್ತಾನೆ. ಅವ್ವ ನಾಚಿಕೆಯಿಂದ ಎಳೆದುಕೊಂಡು ಬರುತ್ತಾಳೆ. ಹುಡುಗ ಸುಳ್ಳು ಹೇಳಿಲ್ಲ. ಅವರು ಕುಶಲ ಕೇಳಿದರು, ಇವನು ಊಟದ ಲೆಕ್ಕ ಹೇಳಿದ. ಅಷ್ಟೇ.

ಎಲ್ಲಕ್ಕಿಂತ ತಡವಾಗಿ ಬರುವುದು ಕೊಂಕು, ವ್ಯಂಗ್ಯ. ಬೆಳಿಗ್ಗೆ ಎಂಟಕ್ಕೆ ಎದ್ದ ಮಗನಿಗೆ ಅವ್ವ "ಎದ್ರೇನ್ರಿ ಸಾಹೇಬ್ರ? ಚಾ ಹಾಸಿಗೀಗೇ ತರ್ಲೇನ್ರಿ?" ಅಂತಾಳೆ. ಹಾಲು ಚೆಲ್ಲಿದವನಿಗೆ "ಬಾಳ ಶ್ಯಾಣ್ಯಾ ಅದಿ ಬಿಡು" ಅಂತಾಳೆ. ನಾಲ್ಕು ವರ್ಷದವ ಹೊಗಳಿದಳು ಅಂತ ಹಲ್ಲು ಬಿಡಬಹುದು. ಐದಾರು ವರ್ಷಕ್ಕೆ ಇದರ ಅರ್ಥ ಹತ್ತಲು ಶುರುವಾಗುತ್ತದೆ, ಎಂಟು ಹತ್ತು ವರ್ಷದವರೆಗೂ ಬೆಳೆಯುತ್ತಾ ಹೋಗುತ್ತದೆ. ಕನ್ನಡದ ಮಗುವಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ಭಾಷೆಯಲ್ಲಿ ಮರ್ಯಾದೆಯ ರೂಪ ಎದ್ದು ಕಾಣುತ್ತದೆ. ದಿನಾ 'ಏಳಲೇ' ಅನ್ನುವವಳು ಇವತ್ತು 'ರೀ' ಹಚ್ಚಿದಳು ಅಂದರೆ ಏನೋ ಸರಿಯಿಲ್ಲ ಅಂತ ಮಗುವಿಗೆ ಸುಳಿವು ಸಿಗುತ್ತದೆ. ಆ ಸುಳಿವು ಹತ್ತಬೇಕಾದರೆ ದಿನಾ ಏನನ್ನುತ್ತಾಳೆ ಅನ್ನುವುದು ಅದಕ್ಕೆ ಗೊತ್ತಿರಬೇಕಲ್ಲ? ಆ ದಿನನಿತ್ಯದ ಮಾತು ಕಿವಿಗೆ ಬಿದ್ದೇ ಇಲ್ಲದಿದ್ದರೆ?

ನಾವು ಹೇಳಬೇಕೆಂದು ಬಂದದ್ದು ಇಲ್ಲಿಗೆ ಬಂತು ನೋಡ್ರಿ.

ನಮ್ಮವರದೇ ಒಂದು ಮನೆಯ ಸಂಗತಿ. ಮಗ ಸೊಸೆ ದೊಡ್ಡ ಊರಲ್ಲಿ ದುಡಿಯುತ್ತಾರೆ. ಮೊಮ್ಮಗನಿಗೆ ಹತ್ತು ವರ್ಷ. ಶಾಲೆ ಬೇರೆ ಭಾಷೆಯಲ್ಲಿ, ಗೆಳೆಯರು ಬೇರೆ ಭಾಷೆಯಲ್ಲಿ. ಮನೆಯಲ್ಲಿ ಕನ್ನಡ ಇದೆ ಅಂತ ಅವರ ಹೆಮ್ಮೆ. ಇದ್ದದ್ದೂ ಹೌದು: ಬಾ, ಉಣ್ಣು, ನೀರು ಕುಡಿ, ಹೋಂವರ್ಕ್ ಮುಗಿಸು, ಮಲಕೋ. ಬೇಸಿಗೆ ರಜೆಗೆ ಹುಡುಗ ಊರಿಗೆ ಬಂದ. ಒಂದು ಮಧ್ಯಾಹ್ನ ಮನೆಯಲ್ಲಿ ಅಜ್ಜಿ, ಇವನು, ಇಬ್ಬರೇ. ಅಜ್ಜಿ ಗೋಡೆಗೆ ಒರಗಿ ಕೂತು ಅಂದಳು: "ಯಾಕೋ ಇವತ್ತ ಕಟ್ಟಿ ಮಟಾ ಹೋಗಾಕೂ ಆಗವಲ್ದು. ಇರ್ಲಿ ಬಿಡು, ನೀ ಆಡ ಹೋಗು." ಹುಡುಗ ಆಡಲು ಹೋದ. ಸಂಜೆ ನೆರೆಮನೆಯ ಹೆಣ್ಣುಮಗಳು ಬಂದಾಗ ಅಜ್ಜಿ ಅದೇ ಮಾತು ಅಂದಳು. ಆಕೆ ಕೂಡಲೇ ಗಾಡಿ ಕರೆಸಿ ದವಾಖಾನೆಗೆ ಕರೆದುಕೊಂಡು ಹೋದಳು. ಅಜ್ಜಿ ಉಳಿದಳು, ಈಗ ಆರಾಮಿದ್ದಾಳೆ.

ಆಮೇಲೆ ಎಲ್ಲರೂ ಹುಡುಗನನ್ನು ಬೈದರು. ಅವನು ಅಳುತ್ತಾ ಒಂದೇ ಮಾತು ಹೇಳುತ್ತಿದ್ದ: "ಅಜ್ಜೀನ ಹೇಳಿದ್ಲು, ಆಡ ಹೋಗು ಅಂತ." ಅವನು ಹೇಳಿದ್ದು ನಿಜ. ಅಜ್ಜಿಯ ಪ್ರತಿ ಪದವೂ ಅವನಿಗೆ ತಿಳಿದಿತ್ತು. ಕಟ್ಟೆ ಗೊತ್ತು, ಹೋಗುವುದು ಗೊತ್ತು, ಇರಲಿ ಬಿಡು ಗೊತ್ತು. ಆದರೆ ನಮ್ಮ ಅಜ್ಜಿಯಂದಿರು "ನನಗ ಆರಾಮಿಲ್ಲ, ದವಾಖಾನಿಗೆ ಕರಕೊಂಡ ನಡಿ" ಅಂತ ಯಾವತ್ತೂ ಅನ್ನುವುದಿಲ್ಲ, 'ಇರ್ಲಿ ಬಿಡು' ಅಂದರೆ ಬಿಡಬಾರದು ಅನ್ನುವುದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಿ ಕೊಡುವಂಥದ್ದೂ ಅಲ್ಲ. ನೂರು ಸಲ ಕೇಳಿ, ನಾಲ್ಕು ಸಲ ತಪ್ಪಿ, ಆಮೇಲೆ ತಿಳಿಯುವಂಥದ್ದು. ಅವನಿಗೆ ಆ ನೂರು ಸಲ ಸಿಕ್ಕಿರಲಿಲ್ಲ. ತಪ್ಪು ಅವನದಲ್ಲ, ದೊಡ್ಡವರಾದ ನಮ್ಮದು. ನಾವು ಅವನಿಗೆ ಅಪ್ಪಣೆಯ ಕನ್ನಡ ಮಾತ್ರ ಕೊಟ್ಟಿದ್ದೆವು.

ಸಂವಿಧಾನದಲ್ಲಿ 350ಎ ವಿಧಿ ಇದೆ. 1956ರಲ್ಲಿ ಸೇರಿಸಿದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸಲು ಬೇಕಾದ ಸೌಲಭ್ಯ ಒದಗಿಸಬೇಕು ಅನ್ನುತ್ತದೆ. ಅದಕ್ಕಾಗಿ ಕೇಳುತ್ತಿದ್ದೇವೆ, ಕೇಳುತ್ತಲೇ ಇರೋಣ. ಆದರೆ ಅಜ್ಜಿಯ 'ಇರ್ಲಿ ಬಿಡು' ಯಾವ ಪಠ್ಯಪುಸ್ತಕದಲ್ಲೂ ಬರುವುದಿಲ್ಲ. ಅದನ್ನು ಕೊಡುವ ಕೆಲಸ ಮನೆಯದು.

ಹಾಗಂತ ಪಕ್ಕದ ಭಾಷೆಯನ್ನು ದೂರ ಇಡಿ ಅಂತ ನಾವು ಹೇಳುತ್ತಿಲ್ಲ. ನಮ್ಮ ಜತ್ತ ಇರುವ ಸಾಂಗ್ಲಿ ಜಿಲ್ಲೆಯಲ್ಲೇ ಕುಪ್ವಾರ ಅನ್ನುವ ಹಳ್ಳಿಯ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದ ಲೇಖನ ಭಾಷಾಶಾಸ್ತ್ರದಲ್ಲಿ ಹೆಸರಾಗಿದೆ. ಅಲ್ಲಿಯ ಕನ್ನಡ, ಮರಾಠಿ, ಉರ್ದು ಬಹಳ ಕಾಲ ಜೊತೆಗಿದ್ದು, ಪದಗಳು ಬೇರೆಬೇರೆಯಾಗಿಯೇ ಉಳಿದರೂ ವಾಕ್ಯದ ಕಟ್ಟು ಒಂದೇ ಥರ ಆಗಿಬಿಟ್ಟಿದೆ ಅಂತ ಅವರು ತೋರಿಸಿದರು. ಒಳಮಾತಿನಲ್ಲೂ ಈ ನಂಟು ಕಾಣುತ್ತದೆ. ನಾವು ಹೊರಡುವಾಗ "ಬರ್ತೀನಿ" ಅಂದರೆ ಮರಾಠಿಯವರು "ಯೇತೋ" ಅಂತಾರೆ, ತೆಲುಗಿನವರು "ವೆಳ್ಳೊಸ್ತಾನು", ಮಲಯಾಳಿಗಳು "ಪೋಯಿಟ್ಟು ವರಾಂ", ತಮಿಳರು "ಪೋಯಿಟ್ಟು ವರೇನ್". ನಮ್ಮ ಬಳೆ ಹೆಚ್ಚಿದರೆ ಮರಾಠಿಯವರದೂ 'ವಾಢ'ುತ್ತದೆ. ಎರಡು ಭಾಷೆಯ ನಡುವೆ ಬೆಳೆಯುವ ಮಗುವಿಗೆ ಇದು ಭಾರವಲ್ಲ. ಒಂದರಲ್ಲಿ ತಿಳಿದ ಒಳಮಾತು ಇನ್ನೊಂದರಲ್ಲಿ ಕೈಹಿಡಿಯುತ್ತದೆ. ಅಷ್ಟೇ ಅಲ್ಲ, ಅಪ್ಪ ಇದ್ದಕ್ಕಿದ್ದಂತೆ ಭಾಷೆ ಬದಲಿಸಿದ ಅಂದರೆ ಅದೂ ಒಂದು ಸೂಚನೆ. ದುಡ್ಡಿನ ಮಾತು, ಜಗಳದ ಮಾತು ಮಕ್ಕಳಿಗೆ ತಿಳಿಯಬಾರದು ಅಂತ ದೊಡ್ಡವರು ಬೇರೆ ಭಾಷೆಗೆ ಹೊರಳುತ್ತಾರೆ. ಮಕ್ಕಳು ಅದನ್ನೇ ಮೊದಲು ಕಿವಿಗೊಟ್ಟು ಕೇಳುತ್ತಾರೆ!

ಆದರೆ ಶಾಲೆಗೆ ಕಾಲಿಟ್ಟ ಹೊಸದರಲ್ಲಿ ತೊಂದರೆ ಇದ್ದೇ ಇದೆ. ಬೇರೆ ಭಾಷೆಯ ಪದಗಳು ಬೇಗ ಬರುತ್ತವೆ, ಒಳಮಾತು ತಡವಾಗಿ ಬರುತ್ತದೆ. ಗುರುಗಳು ತರಗತಿಗೆ ಬಂದು ಮರಾಠಿಯಲ್ಲಿ "ಆವಾಜ್ ಕೋಣಾಚಾ ಯೇತೋಯ್?" ಅಂತಾರೆ. ಎಲ್ಲರೂ ಸುಮ್ಮನಾಗ್ರಿ ಅನ್ನುವುದು ಅದರ ಅರ್ಥ. ಕನ್ನಡ ಮನೆಯ ಹುಡುಗ ಎದ್ದು ನಿಂತು ಪಕ್ಕದವನ ಹೆಸರು ಹೇಳುತ್ತಾನೆ. ಇಡೀ ತರಗತಿ ನಗುತ್ತದೆ. "ನಿನಗೆ ಓದಲು ಬರುತ್ತಾ?" ಅಂದರೆ "ಹೌದು" ಅಂತ ಹೇಳಿ ಕೂತುಕೊಳ್ಳುತ್ತಾನೆ, ಓದುವುದಿಲ್ಲ. ಈ ಮಗು ದಡ್ಡ ಅಲ್ಲ, ಉದ್ಧಟನೂ ಅಲ್ಲ. ನಿಮ್ಮ ತಮ್ಮ ತಂಗಿ ಹೀಗೆ ನಗೆಪಾಟಲಾಗಿ ಮನೆಗೆ ಬಂದರೆ ದಯವಿಟ್ಟು ನೀವೂ ನಗಬೇಡಿ. ಹತ್ತಿರ ಕೂಡಿಸಿಕೊಂಡು, ಅವರು ಅಂದದ್ದು ಇದು, ಅವರ ಮನಸ್ಸಿನಲ್ಲಿದ್ದದ್ದು ಇದು ಅಂತ ಬಿಡಿಸಿ ಹೇಳಿ. ಎರಡೂ ಭಾಷೆ ಗೊತ್ತಿರುವ ನಿಮಗೆ ಅದು ಸಲೀಸು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಬಳಸಿ ಆಡಿದ್ದೆಲ್ಲ ಒಳ್ಳೆಯದಲ್ಲ. ಅವ್ವ ಮೂರು ದಿನ ಹೊರಗೆ ಕೂತರೆ ಮಕ್ಕಳಿಗೆ "ಕಾಗಿ ಮುಟ್ಟೈತಿ" ಅಂತಾರೆ, ಮರಾಠಿ ಮನೆಗಳಲ್ಲೂ "ಕಾವಳಾ ಶಿವಲಾ" ಅಂತಲೇ ಅಂತಾರೆ. ಐದು ವರ್ಷದವರಿಗೆ ಅದು ತಮಾಷೆ. ಹತ್ತು ಹನ್ನೆರಡರ ಹುಡುಗಿಗೆ ನೇರ ಮಾತು ಬೇಕು. ಮೈಯ ಸಂಗತಿ, ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಏನು ಮಾಡಬೇಕು, ಕರೆಂಟು, ಬಾವಿ, ಔಷಧಿ ಇವುಗಳಲ್ಲಿ ಸುತ್ತುಬಳಸು ಬೇಡ. ಸತ್ತವರನ್ನು "ಮಲಗ್ಯಾರ" ಅಂದರೆ ಸಣ್ಣ ಮಗು ರಾತ್ರಿ ಮಲಗಲೂ ಹೆದರಬಹುದು. ಇನ್ನು ಕೆಲವು ಮಕ್ಕಳಿಗೆ, ಆಟಿಸಂ ಇರುವವರಿಗೆ, ಕಿವಿ ಕಡಿಮೆ ಕೇಳುವವರಿಗೆ, ಒಳಮಾತು ಹಿಡಿಯುವುದು ಬಹಳ ಕಷ್ಟವಾಗಬಹುದು. ಅವರಿಗೆ ನೇರ ಹೇಳಿ. ಹಟಮಾರಿ ಅಂತ ಬೈಯಬೇಡಿ.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಯೋಜನೆ ಏನೂ ಬೇಕಿಲ್ಲ.

ಮಕ್ಕಳ ಜೊತೆ ಅಪ್ಪಣೆಯ ಕನ್ನಡ ಮಾತ್ರ ಆಡಬೇಡಿ. ತಮಾಷೆ, ದೂರು, ಹೊಗಳಿಕೆ, ಹುಸಿಮುನಿಸು, ಅಡ್ಡಮಾತು ಎಲ್ಲವೂ ಕನ್ನಡದಲ್ಲೇ ಬರಲಿ. "ಲೈಟ್ ಆಫ್ ಮಾಡು" ಅನ್ನುವ ಬದಲು ಒಮ್ಮೊಮ್ಮೆ "ಯಾರೂ ಇಲ್ಲದ ಖೋಲಿಯಾಗ ಲೈಟ ಯಾರಿಗೆ ಉರಿಯಾಕತ್ತೈತಿ?" ಅಂದು ನೋಡಿ. ತಿಳಿಯದಿದ್ದರೆ ಕಾಯಿರಿ, ಮತ್ತೊಂದು ಮೆಟ್ಟಿಲು ಇಳಿದು ಹೇಳಿ. ಕೂಡಲೇ ಬೇರೆ 'ಸುಲಭದ' ಭಾಷೆಗೆ ಹೊರಳಬೇಡಿ.

ದೊಡ್ಡವರು ತಮ್ಮತಮ್ಮಲ್ಲಿ ಮಾತಾಡುವಾಗ ಮಕ್ಕಳು ಅಲ್ಲೇ ಸುಳಿದಾಡಲಿ. ಮೊಬೈಲು ಕೊಟ್ಟು ಆಚೆ ಕಳಿಸಬೇಡಿ. ಮಕ್ಕಳು ತಮಗೆ ಹೇಳಿದ ಮಾತಿನಿಂದ ಮಾತ್ರವಲ್ಲ, ಬೇರೆಯವರಿಗೆ ಹೇಳಿದ ಮಾತಿನಿಂದಲೂ ಕಲಿಯುತ್ತಾರೆ. ಕಟ್ಟೆಯ ಮೇಲಿನ ಮಾತು, ಬೀಗರ ಮಾತು, ಸಂತೆಯ ಚೌಕಾಶಿ ಕಿವಿಗೆ ಬೀಳಲಿ.

ಊರಿಂದ ದೂರ ಇರುವವರು ಅಜ್ಜ ಅಜ್ಜಿಗೆ ಫೋನು ಹಚ್ಚಿದಾಗ ಮಗುವಿನ ಕೈಗೆ ಕೊಟ್ಟು "ನಮಸ್ಕಾರ ಹೇಳು" ಅಂತ ಮುಗಿಸಬೇಡಿ. ಮಾತು ಮುಗಿದ ಮೇಲೆ ಕೇಳಿ: ಅಜ್ಜಿ ಇವತ್ತು ಹೆಂಗಿದ್ಲು ಅನ್ನಿಸ್ತು? 'ಎಲ್ಲಾ ಆರಾಮ' ಅಂದಳಲ್ಲ, ನಿಜಕ್ಕೂ ಆರಾಮ ಇದ್ದಳೇನು? ಹತ್ತು ವರ್ಷದ ಮಗುವಿಗೆ ಈ ಪ್ರಶ್ನೆ ಸಾಕು, ಮುಂದಿನ ಸಲ ಅದು ತಾನೇ ದನಿ ಕೇಳುತ್ತದೆ.

ಕೊನೆಗೆ ನಿಮಗೊಂದು ಕೆಲಸ. ಈ ವಾರ ನಿಮ್ಮ ಮನೆಯ ಹಿರಿಯರು ಆಡಿದ ಹತ್ತು ಒಳಮಾತು ಬರೆದಿಟ್ಟುಕೊಳ್ಳಿ. ಮಾತು ಒಂದು ಕಡೆ, ಅದರ ನಿಜವಾದ ಅರ್ಥ ಇನ್ನೊಂದು ಕಡೆ. ತಾಳವಾಡಿಯವರು ತಾಳವಾಡಿಯ ಕನ್ನಡದಲ್ಲಿ, ಆದವಾನಿಯವರು ಆದವಾನಿಯ ಕನ್ನಡದಲ್ಲಿ, ಅವರು ಆಡಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಆಮೇಲೆ ಮನೆಯ ಸಣ್ಣ ಮಕ್ಕಳಿಗೆ ಓದಿ ಹೇಳಿ, ಅರ್ಥ ಏನು ಅಂತ ಕೇಳಿ. ಎಷ್ಟು ತಿಳಿಯಿತು, ಎಷ್ಟು ತಿಳಿಯಲಿಲ್ಲ ಅನ್ನುವುದರಲ್ಲೇ ನಾವು ಅವರಿಗೆ ಎಷ್ಟು ಕನ್ನಡ ಕೊಟ್ಟಿದ್ದೇವೆ ಅನ್ನುವ ಲೆಕ್ಕ ಸಿಗುತ್ತದೆ. ಮುಂದಿನ ಕೂಟಕ್ಕೆ ಆ ಹಾಳೆ ತಗೊಂಡು ಬನ್ನಿ, ಕೂತು ಓದೋಣ.

ಅಡಿಗೆಯವರು ಎರಡು ಸಲ ಬಾಗಿಲಿಗೆ ಬಂದು ಇಣುಕಿ ಹೋಗಿದ್ದಾರೆ. ಅದರ ಅರ್ಥ ನಿಮಗೆ ಹೇಳಬೇಕಾಗಿಲ್ಲ. ನಡೀರಿ, ಊಟಕ್ಕೆ ಏಳೋಣ.